ಹಿತ್ತಿಲ ಕೋಳಿ: ಮಳೆಗಾಲದ ಮೊದಲು, ಮಳೆಯಲ್ಲಿ, ಮಳೆ ಬಿಟ್ಟ ಮೇಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಟ್ಟೆ ಕೋಳಿಗಳ ಬಗ್ಗೆಯೇ. ಒಂದೇ ತರದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ. ಘಟ್ಟದ ಮೇಲಿನವರಿಗೆ ಬರೆದ ಕೋಳಿ ಪುಸ್ತಕಗಳು ಚಳಿಯ ಬಗ್ಗೆ ಎಚ್ಚರಿಸುತ್ತವೆ. ಉಡುಪಿ, ಮಂಗಳೂರು ಕಡೆ ಕೋಳಿಗೆ ಚಳಿಯಿಂದ ಅಂಥ ತೊಂದರೆ ಇಲ್ಲ. ಇಲ್ಲಿ ಕಾಡುವುದು ಒದ್ದೆ. ಕೆಳಗಿನ ಉತ್ತರಗಳನ್ನು ಅದನ್ನು ನೆನಪಿಟ್ಟುಕೊಂಡೇ ಓದಿ.

ಪ್ರಶ್ನೆ: ನಮ್ಮಲ್ಲಿ ಐದು ಗಿರಿರಾಜ ಹೇಂಟೆಗಳಿವೆ. ಮೇ ತಿಂಗಳವರೆಗೆ ದಿನಕ್ಕೆ ಎರಡು ಮೊಟ್ಟೆಗೆ ಮೋಸವಿರಲಿಲ್ಲ. ಆಟಿ ತಿಂಗಳು (ತುಳುವರ ಮಳೆ ತಿಂಗಳು, ಜುಲೈ-ಆಗಸ್ಟ್) ಬಂದದ್ದೇ, ಎರಡು ದಿನಕ್ಕೊಂದು ಸಿಕ್ಕಿದರೆ ಹೆಚ್ಚು. ಆಹಾರ ಬದಲಿಸಿಲ್ಲ. ಲೈಟ್ ಹಾಕಬೇಕೆಂದು ಕೆಲವರು ಹೇಳುತ್ತಾರೆ. ಹಾಕಬೇಕೇ? (ಕಟಪಾಡಿ)

ಮೊದಲು ಗೂಡಿನ ಸುತ್ತ ಏನು ಕಟ್ಟಿದ್ದೀರಿ ಎಂದು ನೋಡಿ. ಗಾಳಿಮಳೆ ಶುರುವಾದ ಕೂಡಲೇ ನಾಲ್ಕೂ ಬದಿಗೆ ನೀಲಿ ಟಾರ್ಪಾಲು ಬಿಗಿದು ಬಿಡುವುದು ನಮ್ಮೂರಿನ ರೂಢಿ. ಒಳಗೆ ಹಗಲಲ್ಲೂ ಕತ್ತಲೆ, ಜೊತೆಗೆ ಹಿಕ್ಕೆಯ ಹಬೆ. ಕೋಳಿಯ ಮಿದುಳು ಬೆಳಕಿನ ಅವಧಿಯನ್ನು ಅಳೆದು ಅಂಡಾಶಯಕ್ಕೆ ಸೂಚನೆ ಕಳಿಸುತ್ತದೆ. ಒಳ್ಳೆಯ ಮೊಟ್ಟೆಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮ ಅಕ್ಷಾಂಶದಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೇ 13 ಗಂಟೆಗೆ ಸ್ವಲ್ಪ ಕಡಿಮೆ, ಡಿಸೆಂಬರಿನಲ್ಲಿ ಸುಮಾರು ಹನ್ನೊಂದೂವರೆ. ಮೊದಲೇ ಕಡಿಮೆ ಇರುವ ಬೆಳಕಿಗೆ ಮೋಡವೂ ಟಾರ್ಪಾಲೂ ಸೇರಿದರೆ ಮೊಟ್ಟೆ ನಿಲ್ಲದೆ ಏನಾದೀತು? ಎರಚಲು ಬರುವ ಪಡುವಣ ಮತ್ತು ತೆಂಕು ಬದಿಗೆ ಮಾತ್ರ ಹೊದಿಕೆ ಹಾಕಿ. ಅದರಲ್ಲೂ ಮೇಲಿನ ಅರ್ಧಕ್ಕೆ ಬೆಳಕು ದಾಟುವ ಬಿಳಿ ಪ್ಲಾಸ್ಟಿಕ್ ಶೀಟ್ ಬಳಸಿ, ಮಾಡಿನ ಕೆಳಗೆ ಒಂದು ಅಡಿಯಷ್ಟು ಜಾಲರಿ ತೆರೆದೇ ಇರಲಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ.

ಎರಡನೆಯದಾಗಿ, ಹೇಂಟೆಗಳನ್ನು ಒಂದೊಂದಾಗಿ ಹಿಡಿದು ನೋಡಿ. ಕುತ್ತಿಗೆ, ಬೆನ್ನಿನಲ್ಲಿ ಪುಕ್ಕ ಉದುರಿ ಹೊಸ ಮುಳ್ಳುಪುಕ್ಕ ಮೂಡುತ್ತಿದ್ದರೆ ಅದು ರೋಗವಲ್ಲ, ವರ್ಷದ ಗರಿ ಬದಲಾವಣೆ. ಹಗಲು ಕುಗ್ಗತೊಡಗಿದ ಮೇಲೆ, ಅಂದರೆ ಆಟಿಯಿಂದ ದೀಪಾವಳಿಯ ನಡುವೆ, ವರ್ಷ ದಾಟಿದ ಹೇಂಟೆಗಳಲ್ಲಿ ಇದು ಸಹಜ. ಎಂಟರಿಂದ ಹನ್ನೆರಡು ವಾರ ಮೊಟ್ಟೆ ಇರುವುದಿಲ್ಲ. ಗರಿಯ ಬಹುಪಾಲು ಪ್ರೋಟೀನ್ ಆದ್ದರಿಂದ ಈ ಹೊತ್ತಿಗೆ ಹೊಟ್ಟೆ ತುಂಬುವ ಅನ್ನಕ್ಕಿಂತ ಬೇಯಿಸಿದ ಹುರುಳಿ ಒಳ್ಳೆಯದು, ಕೋಳಿಗೆ ದಿನಕ್ಕೆ 15ರಿಂದ 20 ಗ್ರಾಂ. ಹಸಿ ಹುರುಳಿ ಹಾಕಬೇಡಿ, ಅದರಲ್ಲಿರುವ ಅಂಶ ಪ್ರೋಟೀನ್ ಜೀರ್ಣವಾಗುವುದನ್ನೇ ತಡೆಯುತ್ತದೆ. ಹೊಸ ಗರಿಯ ಬುಡದಲ್ಲಿ ರಕ್ತ ಇರುತ್ತದೆ, ಮುಟ್ಟಿದರೆ ನೋವು. ಆದ್ದರಿಂದ ಒಮ್ಮೆ ಪರೀಕ್ಷಿಸಿದ ಮೇಲೆ ಮತ್ತೆ ಮತ್ತೆ ಹಿಡಿಯಬೇಡಿ.

ಪುಕ್ಕ ಸರಿ ಇದ್ದರೆ ಹಿಂಭಾಗದ ಎರಡು ಮೂಳೆಗಳ ನಡುವೆ ಬೆರಳಿಟ್ಟು ನೋಡಿ. ಮೊಟ್ಟೆ ಇಡುವ ಹೇಂಟೆಯಲ್ಲಿ ಎರಡು ಮೂರು ಬೆರಳು ಹಿಡಿಸುವಷ್ಟು ಜಾಗ ಇರುತ್ತದೆ, ಗುದದ್ವಾರ ಅಗಲವಾಗಿ ತೇವವಾಗಿರುತ್ತದೆ, ಜುಟ್ಟು ಕೆಂಪಾಗಿರುತ್ತದೆ. ಒಂದೇ ಬೆರಳಿನ ಜಾಗ, ಒಣಗಿದ ದ್ವಾರ ಇದ್ದರೆ ಅದು ಇಡುತ್ತಿಲ್ಲ. ಲಕ್ಷಣವೆಲ್ಲ ಇದ್ದೂ ಮೊಟ್ಟೆ ಕಾಣದಿದ್ದರೆ ಅದು ಬೇರೆಲ್ಲೋ ಇಡುತ್ತಿದೆ. ಸೌದೆ ಕೊಟ್ಟಿಗೆ, ಮಡಲಿನ ರಾಶಿ, ಬಾಳೆ ಬುಡ ಹುಡುಕಿ. ಎರಡು ದಿನ ಮಧ್ಯಾಹ್ನದವರೆಗೆ ಗೂಡಿನಲ್ಲೇ ಕೂಡಿ ಹಾಕಿದರೆ ಗುಟ್ಟು ಗೊತ್ತಾಗುತ್ತದೆ.

ಇನ್ನು ಲೈಟ್. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆಯ ತಳಿ. ಅದನ್ನು ಮಳೆಗಾಲದಲ್ಲಿ ಬಲ್ಬ್ ಹಾಕಿ ದುಡಿಸುವುದಕ್ಕಿಂತ ವಿಶ್ರಾಂತಿಗೆ ಬಿಡುವುದು ಮೇಲೆಂದು ನಮ್ಮ ಸಲಹೆ. ಹೆಚ್ಚು ಮೊಟ್ಟೆಯ ಮಿಶ್ರತಳಿ ಸಾಕಿದವರು ಹಾಕುವುದಾದರೆ 5ರಿಂದ 7 ವ್ಯಾಟ್‌ನ ಒಂದು ಹಳದಿ ಬೆಳಕಿನ ಎಲ್‌ಇಡಿ ಸಾಕು. ಬೆಳಕು ಸೇರಿಸುವುದು ಬೆಳಗ್ಗಿನ ಕಡೆಗೆ, ಸಂಜೆಗಲ್ಲ. ಸಂಜೆ ತಟ್ಟನೆ ಆರಿಸಿದರೆ ಕೋಳಿ ಅಡ್ಡಕೋಲು ಹತ್ತಲಾಗದೆ ನೆಲದಲ್ಲೇ ಉಳಿಯುತ್ತದೆ. ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ ಒಟ್ಟು 14 ಗಂಟೆಗೆ ನಿಲ್ಲಿಸಿ. ನಿಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವುದಾದರೆ ಈ ಗೊಡವೆಯೇ ಬೇಡ. ಒಂದು ದಿನ ಇದ್ದು ಮೂರು ದಿನ ಇಲ್ಲದ ಬೆಳಕಿನಿಂದ ಮೊಟ್ಟೆ ಇನ್ನಷ್ಟು ತಪ್ಪುತ್ತದೆ. ಬಲಿಯದ ಮರಿಹೇಂಟೆಗಳಿಗಂತೂ ಲೈಟ್ ಹಾಕಲೇಬಾರದು. ಬೇಗ ಮೊಟ್ಟೆಗೆ ಬಂದು ಗರ್ಭನಾಳ ಹೊರಬರುವ ಅಪಾಯವಿದೆ.

ಪ್ರಶ್ನೆ: ಗೂಡಿನ ನೆಲ ಮುರಕಲ್ಲಿನದು. ಮಳೆ ಶುರುವಾದರೆ ಹೊಟ್ಟು ಒದ್ದೆಯಾಗಿ ಕಣ್ಣುರಿಯುವಷ್ಟು ವಾಸನೆ. ಹೊಸ ಗೂಡು ಕಟ್ಟುವುದಾದರೆ ಹೇಗೆ ಕಟ್ಟಬೇಕು? (ಬ್ರಹ್ಮಾವರ)

ಮುರಕಲ್ಲು ನೀರು ಹೀರಿ ಕೆಳಗಿನಿಂದ ತೇವ ಕಾರುತ್ತಲೇ ಇರುತ್ತದೆ. ಮೇಲೆ ಎಷ್ಟು ಹೊಟ್ಟು ಹಾಕಿದರೂ ಅಷ್ಟೇ. ಕಣ್ಣುರಿಯುವುದು ಅಮೋನಿಯಾದಿಂದ. ನಿಮಗೆ ನಿಂತುಕೊಂಡಾಗ ಮೂಗಿಗೆ ಬಡಿಯುತ್ತದೆ ಎಂದರೆ, ನೆಲಕ್ಕೆ ಅಂಟಿ ಮಲಗುವ ಕೋಳಿಯ ಕಣ್ಣು, ಶ್ವಾಸನಾಳಕ್ಕೆ ಆಗಲೇ ಹಾನಿಯಾಗುತ್ತಿದೆ.

ಕರಾವಳಿಗೆ ಹೇಳಿಸಿದ್ದು ಅಟ್ಟದ ಗೂಡು. ಆರು ಕೋಳಿಗೆ 6 ಅಡಿ ಉದ್ದ, 4 ಅಡಿ ಅಗಲ. ರಾತ್ರಿ ಮಾತ್ರ ಮಲಗುವುದಾದರೆ ಇದರ ಅರ್ಧ ಸಾಕಿತ್ತು. ಆದರೆ ಮಳೆ ಜಡಿ ಹಿಡಿದ ದಿನ ಅವು ಒಳಗೇ ಇರಬೇಕಲ್ಲ, ಆಗ ಕೋಳಿಗೆ 4 ಚದರ ಅಡಿ ಬೇಕೇ ಬೇಕು, ಇಲ್ಲದಿದ್ದರೆ ಒಂದನ್ನೊಂದು ಕುಕ್ಕಲು ಶುರು ಮಾಡುತ್ತವೆ. ನೆಲದಿಂದ ಎರಡೂವರೆ ಮೂರು ಅಡಿ ಎತ್ತರಕ್ಕೆ ಕಂಬ ಕೊಡಿ, ಕಂಬದ ಬುಡ ಸಿಮೆಂಟಿನಲ್ಲಿ ಇರಲಿ. ಅಟ್ಟಕ್ಕೆ ಬಲಿತ ಅಡಿಕೆ ಮರದ ಸಲಾಕೆ ಒಳ್ಳೆಯದು. ಸಲಾಕೆ ಒಂದಿಂಚು ಅಗಲ, ನಡುವೆ ಮುಕ್ಕಾಲು ಇಂಚು ಸಂದು. ಹಿಕ್ಕೆ ಕೆಳಗೆ ಬೀಳುತ್ತದೆ, ಕಾಲು ಸಿಕ್ಕಿಕೊಳ್ಳುವುದಿಲ್ಲ. ಸಲಾಕೆಯ ಸಿಬಿರು ಉಜ್ಜಿ ನುಣ್ಣಗೆ ಮಾಡದೆ ಹೊಡೆಯಬೇಡಿ. ಸಿಬಿರು ಚುಚ್ಚಿದ ಗಾಯಕ್ಕೆ ಕೊಳೆ ಸೇರಿದರೆ ಅಂಗಾಲಿನಲ್ಲಿ ಕೀವಿನ ಗಡ್ಡೆ ಕಟ್ಟುತ್ತದೆ, ವಾಸಿಯಾಗಲು ತಿಂಗಳುಗಟ್ಟಲೆ ಬೇಕು.

ಹಂಚಿನ ಮಾಡು ಶೀಟಿಗಿಂತ ತಂಪು. ಪಡುವಣ ಮತ್ತು ತೆಂಕು ಕಡೆಗೆ ಮಾಡು ಎರಡೂವರೆ ಅಡಿ ಹೊರಚಾಚಲಿ. ಮಲಗುವ ಅಡ್ಡಕೋಲು ಒಂದೂವರೆಯಿಂದ ಎರಡು ಇಂಚು ದಪ್ಪ, ಮೇಲ್ಭಾಗ ಉರುಟು, ಕೋಳಿಗೆ 8ರಿಂದ 10 ಇಂಚು ಜಾಗ. ಮೊಟ್ಟೆ ಪೆಟ್ಟಿಗೆ ಎಲ್ಲ ಬದಿಗೂ ಒಂದಡಿ, ನಾಲ್ಕೈದು ಹೇಂಟೆಗೆ ಒಂದು. ಅದು ಅಡ್ಡಕೋಲಿಗಿಂತ ತಗ್ಗಿನಲ್ಲಿರಬೇಕು. ಕೋಳಿಗೆ ಎತ್ತರದಲ್ಲಿ ಮಲಗುವ ಗುಣ. ಪೆಟ್ಟಿಗೆ ಮೇಲಿದ್ದರೆ ಅದರಲ್ಲೇ ಮಲಗಿ ಹಿಕ್ಕೆ ಮಾಡಿ ಮೊಟ್ಟೆಯೆಲ್ಲ ಕೊಳಕು. ಅಟ್ಟದ ಅಡಿಯ ಹಿಕ್ಕೆಗೆ ವಾರಕ್ಕೊಮ್ಮೆ ಒಣ ತರಗೆಲೆ ಅಥವಾ ಮರದ ಹುಡಿ ಎರಚಿ. ನೊಣ ಕಡಿಮೆಯಾಗುತ್ತದೆ. ಹಸಿ ಹಿಕ್ಕೆಯನ್ನು ನೇರ ಮಲ್ಲಿಗೆ ಬುಡಕ್ಕೆ ಹಾಕಬೇಡಿ, ಎರಡು ಮೂರು ತಿಂಗಳು ಕೊಳೆತ ಮೇಲೆ ಹಾಕಿ.

ಈ ಮಳೆಗಾಲವನ್ನು ಹಳೆಯ ಗೂಡಿನಲ್ಲೇ ಕಳೆಯಬೇಕಾದರೆ ಒದ್ದೆ ಹೊಟ್ಟು ಪೂರ್ತಿ ತೆಗೆದು, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಮೂರಿಂಚು ಭತ್ತದ ಉಮಿ ಅಥವಾ ಮರದ ಹುಡಿ ಹಾಕಿ. ವಾರಕ್ಕೆ ಎರಡು ಸಲ ಕೆದರಿ ತಿರುವಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಮುಷ್ಟಿ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಾಗಿದೆ. ಆಗ 10 ಚದರ ಅಡಿಗೆ ಸುಮಾರು ಅರ್ಧ ಕೆಜಿ ಅರಳಿದ ಸುಣ್ಣ ಬೆರೆಸಬಹುದು. ಸುಣ್ಣ ಬೆರೆಸಿದ ಕೂಡಲೇ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ. ಹಾಗಾಗಿ ಕೋಳಿಗಳನ್ನು ಹೊರಗೆ ಬಿಟ್ಟು, ಎರಡು ಮೂರು ಗಂಟೆ ಗಾಳಿ ಆಡಿದ ಮೇಲೆಯೇ ಒಳಬಿಡಿ. ಅರಳದ ಸುಣ್ಣದ ಕಲ್ಲು ಕಾಲು ಸುಡುತ್ತದೆ, ಬೇಡ. ಉಮಿಯನ್ನು ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲೇ, ಬಿಸಿಲಿರುವಾಗ ತಂದು ಚೀಲದಲ್ಲಿ ಎತ್ತರದಲ್ಲಿಡಿ. ಜೂನಿನಲ್ಲಿ ಸಿಗುವುದು ಅರೆಹಸಿ. ಬೂಷ್ಟು ಹಿಡಿದ ಬೈಹುಲ್ಲನ್ನು ಮರಿಗಳ ಗೂಡಿಗೆ ಹಾಕಿದರೆ ಬೂಷ್ಟಿನ ಬೀಜ ಶ್ವಾಸಕೋಶಕ್ಕೆ ಹೋಗಿ ಬಾಯಿ ತೆರೆದು ಉಸಿರಾಡುತ್ತಾ ಸಾಯುತ್ತವೆ. ಅದಕ್ಕೆ ಮದ್ದಿಲ್ಲ.

ಪ್ರಶ್ನೆ: ಮೊಟ್ಟೆಯ ಸಿಪ್ಪೆ ಮುಟ್ಟಿದರೆ ಒಡೆಯುವಷ್ಟು ತೆಳು. ಒಮ್ಮೊಮ್ಮೆ ಸಿಪ್ಪೆಯೇ ಇಲ್ಲ. ಮನೆಯಲ್ಲಿ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು, ಬೂತಾಯಿ ಮೀನಿನ ತಲೆ ಬೇಕಾದಷ್ಟು ಉಳಿಯುತ್ತದೆ. ಹಾಕಬಹುದೇ? (ಮೂಲ್ಕಿ)

ಚಿಪ್ಪು ಧಾರಾಳವಾಗಿ ಹಾಕಿ. ಪೇಟೆಯಲ್ಲಿ ಹಣ ಕೊಟ್ಟು ತರುವ ಕ್ಯಾಲ್ಸಿಯಂ ನಿಮ್ಮ ಅಡುಗೆಮನೆಯಲ್ಲೇ ಇದೆ. ಚಿಪ್ಪು ತೊಳೆದು, ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಒಣಗಿಸಿ, ಗೋಣಿಯಲ್ಲಿ ಸುತ್ತಿ ಕಲ್ಲಿನಿಂದ ಜಜ್ಜಿ. ಜೋಳದಿಂದ ಹೆಸರುಕಾಳಿನ ಗಾತ್ರದ ತುಂಡು ಬೇಕು, ಪುಡಿ ಬೇಡ. ಕಾರಣ ಇದೆ. ಒಂದು ಮೊಟ್ಟೆಯ ಸಿಪ್ಪೆಯಲ್ಲಿ 2 ಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದರಲ್ಲಿ ಸುಮಾರು ಅರ್ಧ ಮಾತ್ರ ಮೈಗೆ ಸೇರುವುದರಿಂದ ದಿನಕ್ಕೆ 4 ಗ್ರಾಂ ಬೇಕಾಗುತ್ತದೆ. ಸಿಪ್ಪೆ ಕಟ್ಟುವ ಕೆಲಸ ಸುಮಾರು 20 ಗಂಟೆಯದು, ಹೆಚ್ಚಿನದು ರಾತ್ರಿ ನಡೆಯುತ್ತದೆ. ಪುಡಿಯಾದರೆ ಹಗಲಲ್ಲೇ ಕರಗಿ ಹೋಗುತ್ತದೆ, ತುಂಡಾದರೆ ಕೋಳಿಯ ಜಠರದಲ್ಲಿ ಉಳಿದು ರಾತ್ರಿಯಿಡೀ ನಿಧಾನ ಕರಗುತ್ತದೆ. ಆದ್ದರಿಂದ ಸಂಜೆ, ಬೇರೆಯೇ ತೆಂಗಿನ ಚಿಪ್ಪಿನಲ್ಲಿ ಇಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಮೊಟ್ಟೆಗೆ ಬಾರದ ಮರಿಗಳಿಗೆ ಇದನ್ನು ಕೊಡಬೇಡಿ, ಹೆಚ್ಚಾದ ಕ್ಯಾಲ್ಸಿಯಂ ಮೂತ್ರಪಿಂಡ ಹಾಳು ಮಾಡುತ್ತದೆ.

ಅಂಗಡಿಯ ಮೊಟ್ಟೆಕೋಳಿ ಆಹಾರವನ್ನೇ ದಿನಕ್ಕೆ 110 ಗ್ರಾಂ ಹಾಕುವವರಿಗೆ ಚಿಪ್ಪಿನ ಅಗತ್ಯ ಕಡಿಮೆ, ಅದರಲ್ಲೇ ಇರುತ್ತದೆ. ಅರ್ಧ ಆಹಾರ, ಅರ್ಧ ಕುಚ್ಚಲಕ್ಕಿ ಅನ್ನ ಮತ್ತು ತೌಡು ಹಾಕುವ ಮನೆಗಳಲ್ಲೇ ತೆಳು ಸಿಪ್ಪೆ ಹೆಚ್ಚು. ಅನ್ನದಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು.

ಮೀನಿಗೆ ಮಿತಿ ಇದೆ. ಬೂತಾಯಿ ತಲೆಯನ್ನು ಉಪ್ಪಿಲ್ಲದೆ ಹದಿನೈದು ನಿಮಿಷ ಬೇಯಿಸಿ, ಮುಳ್ಳು ಮೆತ್ತಗಾದ ಮೇಲೆ ಅರೆದು, ಕೋಳಿಗೆ 10 ಗ್ರಾಮಿನಂತೆ ವಾರಕ್ಕೆ ಎರಡು ಮೂರು ಸಲ. ಹೆಚ್ಚಾದರೆ ಮೊಟ್ಟೆಗೆ ಮೀನಿನ ವಾಸನೆ ಬರುತ್ತದೆ. ಕೆಲವು ಕಂದು ಮೊಟ್ಟೆಯ ತಳಿಗಳಲ್ಲಿ ಆ ವಾಸನೆಯ ಅಂಶವನ್ನು ಕರಗಿಸುವ ಶಕ್ತಿಯೇ ಹುಟ್ಟಿನಿಂದ ಕಡಿಮೆ, ಅವುಗಳಲ್ಲಿ ಇದು ಬೇಗ ಕಾಣುತ್ತದೆ. ಹಳದಿ ಬೆಳೆಯಲು ಹತ್ತು ದಿನ ಬೇಕಾಗುವುದರಿಂದ ಮೀನು ನಿಲ್ಲಿಸಿದ ಮರುದಿನವೇ ವಾಸನೆ ಹೋಗುವುದಿಲ್ಲ. ಒಣಮೀನು, ಉಳಿದ ಮೀನುಸಾರು ಖಂಡಿತ ಬೇಡ. ಕೋಳಿಯ ಆಹಾರದಲ್ಲಿ ಉಪ್ಪು ನೂರಕ್ಕೆ ಅರ್ಧ ಪಾಲಿನ ಒಳಗಿರಬೇಕು. ಒಣಮೀನಿನ ಉಪ್ಪಿಗೆ ನೀರಿನಂತೆ ಭೇದಿಯಾಗಿ, ಮರಿಗಳಾದರೆ ಸತ್ತೇ ಹೋಗುತ್ತವೆ.

ಮಳೆಗಾಲದಲ್ಲಿ ಆಹಾರದ ಚೀಲ ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ. ಬೂಷ್ಟು ಹಿಡಿದ ಮೆಕ್ಕೆಜೋಳ, ನೆಲಗಡಲೆ ಹಿಂಡಿಯ ವಿಷ ಬಿಸಿಲಿಗೆ ಒಣಗಿಸಿದರೂ ಬೇಯಿಸಿದರೂ ಹೋಗುವುದಿಲ್ಲ. ಯಕೃತ್ತು ಕೆಡಿಸುತ್ತದೆ. ಹಣ ಹೋದರೂ ಚೆಲ್ಲಿ.

ಪ್ರಶ್ನೆ: ಐದು ಸೆಂಟ್ಸ್ ಜಾಗದಲ್ಲಿ ಮನೆ ಇದೆ. ಎಷ್ಟು ಕೋಳಿ ಸಾಕಬಹುದು? ಹುಂಜ ಬೇಕೇ? (ಸುರತ್ಕಲ್)

ನಾಲ್ಕು, ಹೆಚ್ಚೆಂದರೆ ಆರು. ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿ ಮಾಡಿಸುವುದಾದರೆ ಮಾತ್ರ ಬೇಕು. ನೆರೆಮನೆ ಹತ್ತಿರವಿರುವಲ್ಲಿ ನಸುಕಿನ ಕೂಗಿನಿಂದ ಮನಸ್ತಾಪ ಬೇಡ.

ಪ್ರಶ್ನೆ: ಮರಿ ಯಾವಾಗ ತರಬೇಕು? ಜೂನಿನಲ್ಲಿ ತಂದ ಇಪ್ಪತ್ತೈದರಲ್ಲಿ ಆರು ಉಳಿದವು. ರಕ್ತ ಬಿದ್ದು ಸತ್ತವು. ಚುಚ್ಚುಮದ್ದಿನ ವಿವರವೂ ಬೇಕು. (ಬಜ್ಪೆ)

ನೀವು ಹೇಳುವ ಲಕ್ಷಣ ರಕ್ತಭೇದಿಯದು. ಅದರ ರೋಗಾಣು ಹಿಕ್ಕೆಯಲ್ಲಿ ಹೊರಬಿದ್ದ ಮೇಲೆ ತೇವ ಮತ್ತು 25ರಿಂದ 30 ಡಿಗ್ರಿ ಶಾಖ ಸಿಕ್ಕಿದರೆ ಒಂದೆರಡು ದಿನದಲ್ಲೇ ಬಲಿಯುತ್ತದೆ. ನಮ್ಮ ಜೂನ್ ತಿಂಗಳು ಅದಕ್ಕೆಂದೇ ಮಾಡಿಟ್ಟ ಹವೆ. ಮೂರರಿಂದ ಎಂಟು ವಾರದ ಮರಿಗಳಿಗೆ ಅಪಾಯ ಹೆಚ್ಚು. ಪಶುವೈದ್ಯರು ಸಾಮಾನ್ಯವಾಗಿ ಆಂಪ್ರೋಲಿಯಂ ಕೊಡುತ್ತಾರೆ. ಶೇಕಡಾ 20ರ ಪುಡಿಯಾದರೆ ಲೀಟರ್ ನೀರಿಗೆ 1.2 ಗ್ರಾಮಿನಂತೆ ಐದು ದಿನ, ಬೇರೆ ನೀರು ಇಡದೆ. ಆ ದಿನಗಳಲ್ಲಿ ಬಿ ವಿಟಮಿನ್ ಟಾನಿಕ್ ಕೊಡಬೇಡಿ, ಮದ್ದಿನ ಕೆಲಸವನ್ನೇ ಅದು ಕೆಡಿಸುತ್ತದೆ. ಹೊಟ್ಟು ಬದಲಿಸದೆ ಮದ್ದು ಮಾತ್ರ ಕೊಟ್ಟರೆ ಮತ್ತೆ ಬರುತ್ತದೆ.

ಮರಿ ತರಲು ಸಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ಒಣ ಹವೆಯಲ್ಲಿ ಬೆಳೆದು ಮುಂದಿನ ಮಳೆಗೆ ಗಟ್ಟಿಯಾಗಿರುತ್ತವೆ. ಇಪ್ಪತ್ತೈದು ಮರಿಗೆ 60 ವ್ಯಾಟ್‌ನ ಹಳೆಯ ತರದ ತಂತಿ ಬಲ್ಬ್ ಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಈ ತಪ್ಪಿನಿಂದಲೇ ಎಷ್ಟೋ ಮರಿ ಸಾಯುತ್ತವೆ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಬನ್ನಿ. ಮರಿಗಳು ಬಲ್ಬಿನಡಿ ಒತ್ತಿಕೊಂಡರೆ ಶಾಖ ಸಾಲದು, ಅಂಚಿಗೆ ಓಡಿದರೆ ಹೆಚ್ಚಾಯಿತು.

ಕೊಕ್ಕರೆ ರೋಗಕ್ಕೆ (ರಾಣಿಖೇತ್) 5ರಿಂದ 7ನೇ ದಿನ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಲಸೋಟಾ ಲಸಿಕೆ, 14ನೇ ದಿನದ ಸುಮಾರಿಗೆ ಗಂಬೊರೊ ಎಂಬ ಬೇರೆ ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟಾ, ಎಂಟರಿಂದ ಹತ್ತನೇ ವಾರ ಕೊಕ್ಕರೆ ರೋಗದ್ದೇ ಆರ್‌2ಬಿ ಚುಚ್ಚುಮದ್ದು ಅರ್ಧ ಮಿಲಿಲೀಟರ್. ಕೋಳಿ ಸಿಡುಬನ್ನು ಸೊಳ್ಳೆ ಹರಡುವುದರಿಂದ ಇಲ್ಲಿ ಅದರ ಲಸಿಕೆಯನ್ನೂ ಆರನೇ ವಾರದ ಹೊತ್ತಿಗೆ ರೆಕ್ಕೆಯ ಪೊರೆಗೆ ಹಾಕಿಸಿ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಮಂಜುಗಡ್ಡೆಯ ಥರ್ಮಾಸಿನಲ್ಲಿ ತನ್ನಿ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ಸೀಸೆ ಬರುವುದು ನೂರು ಕೋಳಿಯ ಲೆಕ್ಕದಲ್ಲಿ. ಆದ್ದರಿಂದ ಅಕ್ಕಪಕ್ಕದ ನಾಲ್ಕಾರು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಳ್ಳಿ. ಒಬ್ಬರ ಕೋಳಿಗೆ ಹಾಕಿಸಿ ಇನ್ನೊಬ್ಬರದು ಬಿಟ್ಟರೆ ರೋಗ ಬೇಲಿ ನೋಡಿ ನಿಲ್ಲುವುದಿಲ್ಲ. ತಳಿ ಮತ್ತು ಮರಿಗಳ ವಿಚಾರಣೆಗೆ ಮಂಗಳೂರಿನ ಕಂಕನಾಡಿ ಮತ್ತು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹತ್ತಿರದ ಪಶು ಆಸ್ಪತ್ರೆಯಲ್ಲೂ ಕೇಳಿ. ಒಂದೇ ಸಲ ಹಲವು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ತೋಡಿಗೆ ಎಸೆಯಬೇಡಿ, ಮೊದಲು ಪಶುವೈದ್ಯರಿಗೆ ತಿಳಿಸಿ.

ಪ್ರಶ್ನೆ: ಏಪ್ರಿಲಿನಲ್ಲಿ ಮಧ್ಯಾಹ್ನ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ. ನೀರು ಚಿಮುಕಿಸಿದರೂ ಕಡಿಮೆಯಾಗುವುದಿಲ್ಲ. (ಬಂಟ್ವಾಳ)

ಗಾಳಿಯಲ್ಲೇ ತೇವ ತುಂಬಿರುವಾಗ ಗೂಡಿನೊಳಗೆ ನೀರು ಚಿಮುಕಿಸಿದರೆ ಅದು ಆರುವುದಿಲ್ಲ, ಸೆಕೆ ಹೆಚ್ಚುತ್ತದೆ. ನೀರನ್ನು ಮಾಡಿನ ಮೇಲೆ ಹೊಯ್ಯಿರಿ, ಅಥವಾ ಮಾಡಿಗೆ ಮಡಲು ಹೊದಿಸಿ. ಟ್ಯಾಂಕಿನಿಂದ ಬರುವ ನೀರು ಮಧ್ಯಾಹ್ನ ಕಾದಿರುತ್ತದೆ, ಕೋಳಿ ಕುಡಿಯುವುದಿಲ್ಲ. ಬಾವಿಯ ನೀರನ್ನು ಮಣ್ಣಿನ ಪಾತ್ರೆಯಲ್ಲಿ ನೆರಳಲ್ಲಿಡಿ. ಉಳಿದ ದಿನಗಳಲ್ಲಿ ಕೋಳಿಗೆ ಕಾಲು ಲೀಟರ್ ಸಾಕಾದರೆ ಆಗ ಅದರ ಎರಡು ಪಟ್ಟು ಬೇಕು. ಆಹಾರ ಬೆಳಗ್ಗೆ ಏಳರೊಳಗೆ ಮತ್ತು ಸಂಜೆ ಐದರ ಮೇಲೆ. ಏದುಸಿರಿನಿಂದ ರಕ್ತದ ಇಂಗಾಲಾಮ್ಲ ಹೊರಹೋಗಿ ಸಿಪ್ಪೆಗೆ ಬೇಕಾದ ಅಂಶ ಕಡಿಮೆಯಾಗುತ್ತದೆ. ಹಾಗಾಗಿ ಬೇಸಗೆಯ ತೆಳು ಸಿಪ್ಪೆ ಬರೀ ಚಿಪ್ಪಿನಿಂದ ಸರಿಹೋಗದು, ತಂಪು ಮಾಡಲೇಬೇಕು.

ಪ್ರಶ್ನೆ: ಪೆಟ್ಟಿಗೆಯಿಂದ ಮೊಟ್ಟೆ ಕಾಣೆಯಾಗುತ್ತಿದೆ. ಯಾರ ಕೆಲಸವೆಂದು ತಿಳಿಯುವುದು ಹೇಗೆ? (ಕಾರ್ಕಳ)

ಚೂರೂ ಉಳಿಯದೆ ಇಡೀ ಮೊಟ್ಟೆ ಮಾಯವಾದರೆ ಹಾವಿನ ಮೇಲೆ ಸಂಶಯಪಡಿ. ನಾಗರಹಾವೂ ಮೊಟ್ಟೆ ತಿನ್ನುತ್ತದೆ, ಕತ್ತಲಲ್ಲಿ ಪೆಟ್ಟಿಗೆಗೆ ಕೈ ಹಾಕಬೇಡಿ, ಟಾರ್ಚ್ ಹಿಡಿದು ನೋಡಿ. ಒಡೆದ ಸಿಪ್ಪೆ ಗೂಡಿನಿಂದ ದೂರ ಬಿದ್ದಿದ್ದರೆ ಮುಂಗುಸಿ, ಹೆಗ್ಗಣ ಅಥವಾ ಕಾಗೆ. ಪೆಟ್ಟಿಗೆಯ ಹುಲ್ಲಿನಲ್ಲೇ ಹಳದಿ ಅಂಟಿ, ಕೋಳಿಯ ಕೊಕ್ಕಿನಲ್ಲೂ ಒಣಗಿದ್ದರೆ ಹೇಂಟೆಯೇ ತಿನ್ನುತ್ತಿದೆ. ತೆಳು ಸಿಪ್ಪೆಯ ಮೊಟ್ಟೆ ಒಡೆದು ಒಮ್ಮೆ ರುಚಿ ಹತ್ತಿದರೆ ಬಿಡಿಸುವುದು ಕಷ್ಟ, ಬೆಳಗ್ಗೆ ಹತ್ತಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ ತಪ್ಪದೆ ತೆಗೆಯಿರಿ.

ಆರು ಮೂಲೆಯ ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆ, ಶತ್ರುವನ್ನು ಹೊರಗಿಡುವುದಿಲ್ಲ. ನಾಯಿ ಹರಿಯುತ್ತದೆ, ಹಾವು ನುಸುಳುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ. ನೆಲದ ಗೂಡಾದರೆ ಅದನ್ನು ಒಂದಡಿ ಮಣ್ಣೊಳಗೆ ಇಳಿಸಿ, ಮುಂಗುಸಿ ತೋಡುತ್ತದೆ. ಚೆಲ್ಲಿದ ಆಹಾರಕ್ಕೆ ಇಲಿ, ಇಲಿಗೆ ಕೇರೆಹಾವು ಬರುವುದರಿಂದ ಸಂಜೆ ಆಹಾರದ ಪಾತ್ರೆ ಎತ್ತಿಡಿ. ಹೆಬ್ಬಾವು ಬಂದರೆ ಹೊಡೆಯಬೇಡಿ, ಕಾನೂನಿನ ರಕ್ಷಣೆ ಇರುವ ಪ್ರಾಣಿ ಅದು. ಅರಣ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಕೆಸರಾದ ಮೊಟ್ಟೆ ತೊಳೆದಿಡಬಹುದೇ? ಹುಳದ ಮದ್ದು ಕೊಟ್ಟಾಗ ಮೊಟ್ಟೆ ತಿನ್ನಬಹುದೇ? (ಮಂಗಳೂರು)

ತೊಳೆದರೆ ಸಿಪ್ಪೆಯ ಮೇಲಿನ ರಕ್ಷಣೆಯ ಪೊರೆ ಹೋಗಿ ರಂಧ್ರಗಳು ತೆರೆದುಕೊಳ್ಳುತ್ತವೆ. ಸ್ವಲ್ಪ ಕೆಸರಿದ್ದರೆ ಒಣ ಬಟ್ಟೆ ಅಥವಾ ತೆಂಗಿನ ನಾರಿನಿಂದ ಉಜ್ಜಿ ತೆಗೆಯಿರಿ. ತೊಳೆಯಲೇಬೇಕಾದರೆ ಮೊಟ್ಟೆಗಿಂತ ತುಸು ಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಫ್ರಿಜ್ಜಿನಲ್ಲಿಟ್ಟು ಬೇಗ ಬಳಸಿ. ತಣ್ಣೀರಿನಲ್ಲಿ ತೊಳೆದರೆ ಒಳಭಾಗ ಕುಗ್ಗಿ ಹೊರಗಿನ ಕೊಳೆಯನ್ನು ಒಳಗೆಳೆಯುತ್ತದೆ. ತೊಳೆಯದ ಮೊಟ್ಟೆಯನ್ನು ಚೂಪು ತುದಿ ಕೆಳಗಾಗಿ ತಂಪು ಜಾಗದಲ್ಲಿಡಿ.

ಜಂತುಹುಳದ ಮದ್ದನ್ನು ಮಳೆಗೆ ಮೊದಲು ಮೇ ತಿಂಗಳಲ್ಲಿ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಕೊಡಿಸಿ. ಹಿಕ್ಕೆಯಲ್ಲಿ ಹುಳ ಕಂಡರೆ ನಡುವೆಯೂ ಬೇಕಾಗುತ್ತದೆ. ಎಷ್ಟು ದಿನದ ಮೊಟ್ಟೆ ಬಿಡಬೇಕೆಂಬುದು ಮದ್ದಿನ ಮೇಲೆ ಹೋಗುತ್ತದೆ. ಮದ್ದು ಬರೆಸುವಾಗಲೇ ವೈದ್ಯರಲ್ಲಿ ಕೇಳಿ, ಆ ದಿನಗಳ ಮೊಟ್ಟೆಯನ್ನು ತಿನ್ನಬೇಡಿ, ಮಾರಲೂ ಬೇಡಿ.